ವಿಮಾನದ ವಯಸ್ಸನ್ನು ಎಣಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ. ಕಳೆದ ತಿಂಗಳು ನಾನು ಪ್ರಯಾಣಿಸಿದ ವಿಮಾನ ತಯಾರಾಗಿ 22 ವರ್ಷಗಳಾಗಿವೆಯೆಂದು ಆಮೇಲೆ ತಿಳಿಯಿತು. ಅಷ್ಟು ಹಳೆಯ ವಿಮಾನವನ್ನು ಹಾರಿಸುವುದು ಸುರಕ್ಷಿತವೇ? ವಿಮಾನ ನಿರ್ವಹಣೆಯಲ್ಲಿ ಕೆಲಸ ಮಾಡುವವರು ದಯವಿಟ್ಟು ತಿಳಿಸಬೇಕು.

ಉತ್ತರ: ನಮಸ್ಕಾರ. ನಾನು ವಿಮಾನ ನಿರ್ವಹಣೆಯ ಇಂಜಿನಿಯರ್. ವಿಮಾನವೊಂದು ನಮ್ಮ ಹ್ಯಾಂಗರಿಗೆ ಬಂದಾಗ ನಾವು ಮೊದಲು ಕೇಳುವುದು ಅದು ಎಷ್ಟು ವರ್ಷದ್ದು ಎಂದಲ್ಲ, ಎಷ್ಟು ಬಾರಿ ಮೇಲೇರಿ ಇಳಿದಿದೆ ಎಂದು. ಇದನ್ನು ಸೈಕಲ್ ಎನ್ನುತ್ತೇವೆ. ವಿಮಾನ 35,000 ಅಡಿ ಎತ್ತರದಲ್ಲಿದ್ದಾಗಲೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದುಕೊಳ್ಳಬೇಕಾಗುತ್ತದೆ. ಹೊರಗಿನ ಗಾಳಿ ಬಹಳ ವಿರಳವಾದ್ದರಿಂದ ಒಡಲಿನ ಪ್ರತಿ ಚದರ ಮೀಟರಿನ ಮೇಲೂ ಒಳಗಿನಿಂದ ಐದು ಟನ್ನಿಗಿಂತ ಹೆಚ್ಚು ಬಲ ಬೀಳುತ್ತದೆ. ಇಳಿದಾಗ ಅದು ಪೂರ್ತಿ ಹೋಗುತ್ತದೆ. ಮತ್ತೆ ಏರಿದಾಗ ಮರಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವಂತೆ, ಹೀಗೆ ಉಬ್ಬಿ ತಗ್ಗುವ ಲೋಹದಲ್ಲಿ ರಿವೆಟ್‌ಗಳ, ಅಂದರೆ ಹಾಳೆಗಳನ್ನು ಜೋಡಿಸುವ ಮೊಳೆಗಳ, ರಂಧ್ರಗಳ ಅಂಚಿನಿಂದ ಕೂದಲೆಳೆಯಂಥ ಬಿರುಕುಗಳು ಹೊರಡುತ್ತವೆ. ಇದೇ ಲೋಹದ ದಣಿವು.

ಈ ಪಾಠವನ್ನು ವಿಮಾನೋದ್ಯಮ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. 1952ರಲ್ಲಿ ಪ್ರಯಾಣಿಕರ ಸೇವೆ ಆರಂಭಿಸಿದ ಬ್ರಿಟನ್ನಿನ ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್‌ಗಳು ಇಟಲಿಯ ಬಳಿಯ ಸಮುದ್ರದ ಮೇಲೆ ಒಡೆದು ಬಿದ್ದವು. ಕಾರಣ ಹುಡುಕಲು ಬ್ರಿಟನ್ನಿನ ಫಾರ್ನ್‌ಬರೋದಲ್ಲಿದ್ದ ವಿಮಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇನ್ನೊಂದು ಕಾಮೆಟ್‌ನ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರು ತುಂಬಿ ಒತ್ತಡವನ್ನು ಏರಿಸುತ್ತ ಇಳಿಸುತ್ತ ಹೋದರು. ಅದು ಹಿಂದೆ ಹಾರಿದ್ದೂ ಸೇರಿ 3,057ನೆಯ ಸೈಕಲ್‌ನಲ್ಲಿ ಒಡಲು ಸೀಳಿತು. ಕಿಟಕಿಗಳು ಚೌಕವಾಗಿದ್ದದ್ದೇ ಕಾರಣವೆಂದು ಜನ ಇಂದಿಗೂ ಹೇಳುತ್ತಾರೆ. ಆದರೆ ಸಮುದ್ರದಿಂದ ಎತ್ತಿದ ಮೊದಲ ವಿಮಾನದ ಅವಶೇಷಗಳಲ್ಲಿ ಸೀಳು ಕಾಣಿಸಿದ್ದು ಪ್ರಯಾಣಿಕರ ಕಿಟಕಿಯಲ್ಲಲ್ಲ, ಛಾವಣಿಯಲ್ಲಿ ಆಂಟೆನಾಕ್ಕಾಗಿ ಕತ್ತರಿಸಿದ್ದ ತೆರಪಿನ ಬಳಿ.

ಆದ್ದರಿಂದ ದಿನಕ್ಕೊಂದೆರಡು ದೀರ್ಘ ಯಾನ ಮಾಡುವ 22 ವರ್ಷದ ವಿಮಾನದ ಒಡಲು, ದಿನವಿಡೀ ಗಿಡ್ಡ ಮಾರ್ಗಗಳಲ್ಲಿ ಓಡಾಡುವ 10 ವರ್ಷದ ವಿಮಾನದ ಒಡಲಿಗಿಂತ ಕಡಿಮೆ ದಣಿದಿರಬಹುದು. ತುಕ್ಕಿಗೆ ಮಾತ್ರ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ಕೆಲವು ತಪಾಸಣೆಗಳನ್ನು ಸೈಕಲ್‌ಗಳಿಗೆ, ಕೆಲವನ್ನು ಹಾರಾಟದ ಗಂಟೆಗಳಿಗೆ, ಕೆಲವನ್ನು ಕ್ಯಾಲೆಂಡರಿಗೆ ಕಟ್ಟಿರುತ್ತಾರೆ.

ಮರುಪ್ರಶ್ನೆ: ವಿವರಣೆಗೆ ಧನ್ಯವಾದಗಳು. ಕಣ್ಣಿಗೆ ಕಾಣದ ಬಿರುಕನ್ನು ತಾವು ಹೇಗೆ ಪತ್ತೆ ಮಾಡುತ್ತೀರಿ? ಪ್ರಯಾಣಿಕರು ಗಮನಿಸಬೇಕಾದದ್ದೇನಾದರೂ ಇದೆಯೇ?

ಉತ್ತರ: ಒಡಲಿನ ಹೊರಹೊದಿಕೆಗೆ ಎಡ್ಡಿ ಕರೆಂಟ್ ಪರೀಕ್ಷೆ ಹೆಚ್ಚು ಉಪಯೋಗಿ. ಸಣ್ಣ ಸುರುಳಿಯಿರುವ ಪ್ರೋಬನ್ನು ಲೋಹದ ಮೇಲೆ ಸರಿಸಿದಾಗ ಒಳಗೆ ಸುಳಿವಿದ್ಯುತ್ ಹುಟ್ಟುತ್ತದೆ. ಬಿರುಕು ಅಡ್ಡ ಬಂದರೆ ಅದರ ಹಾದಿ ಬದಲಾಗಿ ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಒಂದೊಂದೇ ರಿವೆಟ್‌ನ ಸುತ್ತ ಹೀಗೆ ನೋಡಬೇಕಾದ ಬೇಸರದ ಕೆಲಸವಿದು. ಆ ಬೇಸರವನ್ನು ಗೆಲ್ಲುವ ತಾಳ್ಮೆಯನ್ನೇ ನಾನು ಈ ವೃತ್ತಿಯ ಮುಖ್ಯ ಕೌಶಲವೆಂದು ಬಗೆಯುತ್ತೇನೆ.

ಎರಡನೆಯ ಪ್ರಶ್ನೆಗೆ 1988ರ ಏಪ್ರಿಲ್ 28ರ ಘಟನೆಯನ್ನು ಹೇಳಬೇಕು. ಹವಾಯಿ ದ್ವೀಪಗಳ ನಡುವೆ ಗಿಡ್ಡ ಯಾನಗಳನ್ನು ಮಾಡುತ್ತ 89,680 ಸೈಕಲ್‌ಗಳನ್ನು ಪೂರೈಸಿದ್ದ, 19 ವರ್ಷದ ಬೋಯಿಂಗ್ 737 ವಿಮಾನದ ಛಾವಣಿಯ ಸುಮಾರು 18 ಅಡಿ ಉದ್ದದ ಭಾಗ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಪೈಲಟ್‌ಗಳು ವಿಮಾನವನ್ನು ಇಳಿಸಿ ಉಳಿದವರೆಲ್ಲರನ್ನೂ ಉಳಿಸಿದರು. ಹಾಳೆಗಳ ಜೋಡಣೆಯಲ್ಲಿ ಅಂಟು ಬಿಟ್ಟು, ತುಕ್ಕು ಹಿಡಿದು, ಅಕ್ಕಪಕ್ಕದ ರಂಧ್ರಗಳ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ವಿಮಾನ ಹತ್ತುವಾಗ ಪ್ರಯಾಣಿಕರೊಬ್ಬರು ಬಾಗಿಲಿನ ಬಳಿ ಬಿರುಕನ್ನು ಕಂಡಿದ್ದರೂ ಯಾರಿಗೂ ಹೇಳಿರಲಿಲ್ಲ. ನಿಮಗೆ ಅಂಥದ್ದೇನಾದರೂ ಕಂಡರೆ ಸಂಕೋಚಪಡದೆ ಸಿಬ್ಬಂದಿಗೆ ತಿಳಿಸಿ. ಅದು ಬರೀ ಬಣ್ಣದ ಗೀರಾಗಿದ್ದರೂ ಇಳಿದುಬಂದು ನೋಡಲು ನಮಗೆ ಬೇಸರವಿಲ್ಲ.