ಬಿಚ್ಚೋ ಪಕ್ಷ, ಮುಟ್ಬೇಡ ಪಕ್ಷ

ನಮ್ಮ ಗುಂಪಲ್ಲಿ ಹಳೇ ವಿಡಿಯೋ ಗೇಮ್ ವಿಷ್ಯ ಬಂತು ಅಂದ್ರೆ ಎರಡೇ ಪಕ್ಷ. ಒಂದು ಬಿಚ್ಚೋ ಪಕ್ಷ, ಅದಕ್ಕೆ ಅಧ್ಯಕ್ಷ ಪ್ರದೀಪ, ಸ್ಕ್ರೂ ಕಂಡ್ರೆ ಸಾಕು ಅವನಿಗೆ ಕೈ ಕಡಿಯತ್ತೆ, ಚೆನ್ನಾಗಿ ಓಡ್ತಿರೋ ಮೆಷೀನ್ ಕೊಟ್ರೂ "ಒಳಗೆ ಕೆಪಾಸಿಟರ್‌ಗಳು ಹೆಂಗಿದಾವೋ ಏನೋ ಪಾಪ" ಅಂತಾನೆ. ಕೆಪಾಸಿಟರ್ ಅಂದ್ರೆ ಕರೆಂಟನ್ನ ಸ್ವಲ್ಪ ಹೊತ್ತು ಹಿಡಿದಿಟ್ಕೊಳ್ಳೋ ಸಣ್ಣ ಭಾಗ. ಇನ್ನೊಂದು ಮುಟ್ಬೇಡ ಪಕ್ಷ, ಅದಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಮತದಾರ ಎಲ್ಲಾ ಕಿಟ್ಟಿ ಒಬ್ಬನೇ. ಸುಮಾ ಯಾವ ಪಕ್ಷಕ್ಕೂ ಸೇರಿಲ್ಲ, ಯಾಕಂದ್ರೆ ನಮ್ಮಲ್ಲಿ ಬೆಸುಗೆ ಹಾಕೋ ಸಾಲ್ಡರಿಂಗ್ ಐರನ್ ನೆಟ್ಟಗೆ ಹಿಡಿಯೋಕೆ ಬರೋದು ಅವಳೊಬ್ಬಳಿಗೇ. ಮಂಜ ಇರೋದು ಇಬ್ರಿಗೂ ಹಚ್ಚಿಕೊಟ್ಟು ಮಜಾ ನೋಡೋಕೆ.

ಮೊನ್ನೆ ಶುರು ಮಾಡಿದ್ದು ಕಿಟ್ಟಿನೇ. "ಆನ್ ಆಗ್ತಿದೆ, ಪಿಕ್ಚರ್ ಬರ್ತಿದೆ, ಸೌಂಡ್ ಬರ್ತಿದೆ, ಇನ್ನೇನ್ರೋ ಬೇಕು ನಿಮ್ಗೆ? ಸುಮ್ನೆ ಇರೋದನ್ನ ಕೆದಕಿ ಕೆಡಿಸೋದು ಯಾಕೆ?"

"ನಿನ್ನ ಎಕ್ಸ್‌ಬಾಕ್ಸೂ ಆನ್ ಆಗತ್ತಲ್ವಾ," ಅಂದ್ಲು ಸುಮಾ.

"ಜಂ ಅಂತ ಆಗತ್ತೆ."

"2001ರಲ್ಲಿ ಬಂತಲ್ಲ ಮೊದಲನೇದು, ಅದೇ ತಾನೇ? ಅದರಲ್ಲಿ ಗಡಿಯಾರಕ್ಕೆ ಅಂತ ಬ್ಯಾಟರಿ ಇಟ್ಟಿಲ್ಲ ಕಣೋ, ಒಂದು ಕೆಪಾಸಿಟರ್ ಇಟ್ಟಿದಾರೆ, 1 ಫ್ಯಾರಡ್, 2.5 ವೋಲ್ಟ್. ಪ್ಲಗ್ ಕಿತ್ರೂ ಸ್ವಲ್ಪ ಹೊತ್ತು ಟೈಮ್ ಮರೀದಂಗೆ ನೋಡ್ಕೊಳ್ಳೋದು ಅದರ ಕೆಲಸ. ವಯಸ್ಸಾದ್ಮೇಲೆ ಅದು ಸೋರತ್ತೆ, ಸೋರಿದ್ದು ಬೋರ್ಡ್ ಮೇಲೆ ಹರಡಿ ತಾಮ್ರದ ಗೆರೆಗಳನ್ನ ತಿನ್ಕೊಂಡು ಹೋಗತ್ತೆ. ನೀನು ಮೇಲೆ ಜಂ ಅಂತ ಗೇಮ್ ಆಡ್ತಿರ್ತೀಯ, ಕೆಳಗೆ ಅದು ಬೋರ್ಡನ್ನ ಮುಗಿಸ್ತಿರತ್ತೆ."

ಕಿಟ್ಟಿ ಮುಖ ಸಪ್ಪೆ ಆಯ್ತು. "ಹಂಗಾದ್ರೆ ಹೊಸದು ಹಾಕ್ಬೇಕಾ?"

"ಏನೂ ಹಾಕ್ಬೇಡ. ಅದನ್ನ ಕಿತ್ತಾಕು, ಜಾಗ ಚೆನ್ನಾಗಿ ಒರೆಸು, ಮುಗೀತು. ಪ್ಲಗ್ ಕಿತ್ತಾಗೆಲ್ಲ ಟೈಮ್ ಮರ್ತೋಗತ್ತೆ ಅಷ್ಟೇ, ಗೇಮ್‌ಗೇನೂ ಆಗಲ್ಲ. ಕೊನೇಗೆ 1.6 ಅಂತ ಒಂದು ರಿವಿಷನ್ ಬಂತು, ಅದರಲ್ಲಿ ಬೇರೆ ಥರದ್ದು ಹಾಕಿದಾರೆ, ಅದಕ್ಕೆ ಈ ಕಾಯಿಲೆ ಇಲ್ಲ, ಅದಾಗಿದ್ರೆ ಬಿಟ್ಬಿಡು."

"ಕಿಟ್ಟಿನೇ ಇವತ್ತಿನವರೆಗೂ ಒಂದು ಕಡೆಗೂ ಟೈಮಿಗೆ ಬಂದಿಲ್ಲ, ಅವನ ಎಕ್ಸ್‌ಬಾಕ್ಸ್‌ಗೆ ಗಡಿಯಾರ ಬೇರೆ ಕೇಡು," ಅಂದ ಮಂಜ.

ಪ್ರದೀಪ ಇದೇ ಸಂದು ಅಂತ ನುಗ್ಗಿದ. "ನೋಡಿದ್ಯಾ, ನಾನ್ ಹೇಳ್ಲಿಲ್ವಾ? ಎಲ್ಲಾ ಮೆಷೀನೂ ಬಿಚ್ಬೇಕು, ಎಲ್ಲಾ ಕೆಪಾಸಿಟರೂ ಕೀಳ್ಬೇಕು. ಕೆಪಾಸಿಟರ್ ಪ್ಲೇಗ್ ಕೇಳಿಲ್ವಾ ನೀನು?"

"ಲೋ ಪ್ರದೀಪ, ಅದು 1999ರಿಂದ 2007ರ ಆಸುಪಾಸಿನ ಕಥೆ ಕಣೋ, ಕಂಪ್ಯೂಟರ್ ಮದರ್‌ಬೋರ್ಡು, ಪವರ್ ಸಪ್ಲೈ ಇವುಗಳ ಕೆಪಾಸಿಟರ್‌ಗಳೆಲ್ಲ ತಲೆ ಊದಿಸ್ಕೊಂಡು ಸತ್ವಲ್ಲ, ಅದು. ನಿನ್ ಹತ್ರ ಇರೋ ಕೈಯಲ್ಲಿ ಹಿಡಿದು ಆಡೋ ಗೇಮ್ ಗೇರ್ 1990ರದ್ದು, ಅದರ ರೋಗನೇ ಬೇರೆ," ಅಂದ್ಲು ಸುಮಾ, ಪ್ರದೀಪ "ರೋಗ ರೋಗಾನೇ ಅಲ್ವಾ" ಅಂತ ಗೊಣಗಿದ, ಯಾರೂ ಕೇಳಿಸ್ಕೊಳ್ಳಲಿಲ್ಲ.

ಕಿಟ್ಟಿ ಎಕ್ಸ್‌ಬಾಕ್ಸ್ ವಿಷ್ಯದಲ್ಲಿ ಸೋತ್ರೂ ಗೇಮ್‌ಬಾಯ್‌ಗೆ ಹಾಕೋ ಪೋಕೆಮಾನ್ ರೆಡ್ ಕ್ಯಾಸೆಟ್ ಮಾತ್ರ ಯಾರ ಕೈಗೂ ಕೊಡಲ್ಲ ಅಂತ ಜೇಬಿಗೆ ಹಾಕ್ಕೊಂಡು ಕೂತ. ಅದರಲ್ಲಿ ಅವನ ಚಿಕ್ಕ ವಯಸ್ಸಿನ ಸೇವ್, ಅಂದ್ರೆ ಆಟ ಎಲ್ಲಿವರೆಗೆ ಬಂದಿತ್ತು ಅನ್ನೋ ದಾಖಲೆ, ಇನ್ನೂ ಉಸಿರಾಡ್ತಾ ಇದೆ. ಆ ಕಾಲದ ಕ್ಯಾಸೆಟ್‌ಗಳಲ್ಲಿ ಸೇವ್ ಕೂರೋದು ಎಸ್‌ರ್ಯಾಮ್ ಅನ್ನೋ ಚಿಪ್‌ನಲ್ಲಿ, ಅದಕ್ಕೆ ಕರೆಂಟ್ ತಪ್ಪಿದ ತಕ್ಷಣ ಎಲ್ಲಾ ಮರ್ತೋಗೋ ಸ್ವಭಾವ, ಅದಕ್ಕೇ ಪಕ್ಕದಲ್ಲೊಂದು 3 ವೋಲ್ಟಿನ ಲಿಥಿಯಂ ಬಟನ್ ಸೆಲ್ ಕೂರಿಸಿ ರಾತ್ರಿ ಹಗಲು ಕಾವಲಿಗೆ ಬಿಟ್ಟಿರ್ತಾರೆ. ಸೆಲ್ ಸತ್ರೆ ಗೇಮ್ ಆಡಬಹುದು, ಸೇವ್ ಮಾತ್ರ ಉಳಿಯಲ್ಲ.

"ಪ್ರದೀಪ ಹೋದ್ಸಲ ಅಳೆದ್ನಲ್ಲ, ಮೀಟರ್‌ನಲ್ಲಿ 2.9 ತೋರಿಸ್ತು. ಗಟ್ಟಿಮುಟ್ಟಾಗಿದೆ," ಅಂದ ಕಿಟ್ಟಿ.

"ಅದರಲ್ಲೇ ಮೋಸ ಇರೋದು ಮಾರಾಯ," ಅಂದ್ಲು ಸುಮಾ. "ಲಿಥಿಯಂ ಸೆಲ್ಲು ಕೊನೇವರೆಗೂ 3ರ ಹತ್ರಾನೇ ನಿಂತಿರತ್ತೆ, ಆಮೇಲೆ ದಬಕ್ ಅಂತ ಬೀಳತ್ತೆ. 2 ವೋಲ್ಟಿನ ಸುತ್ತಮುತ್ತ ಇಳೀತು ಅಂದ್ರೆ ಚಿಪ್ಪಿಗೆ ಮರೆವು ಶುರು. ಮೀಟರ್ ನೋಡಿ ಇನ್ನೆಷ್ಟು ದಿನ ಬರತ್ತೆ ಅಂತ ಹೇಳಕ್ಕಾಗಲ್ಲ."

"ಸೆಲ್ ಬದಲಾಯಿಸ್ಬೇಕು ಅಂದ್ರೆ ಹಳೇದು ತೆಗೀಬೇಕು. ತೆಗೆದ್ರೆ ಸೇವ್ ಹೋಗತ್ತೆ. ತೆಗೀದಿದ್ರೂ ಇವತ್ತಲ್ಲ ನಾಳೆ ಹೋಗತ್ತೆ. ನಾನೇನ್ ಮಾಡ್ಲಿ ಹೇಳು?" ಕಿಟ್ಟಿ ಧ್ವನಿ ನಿಜವಾಗ್ಲೂ ಗದ್ಗದ ಆಗಿತ್ತು, ಮಂಜನೂ ಒಂದ್ ನಿಮಿಷ ಸುಮ್ನಿದ್ದ, ಆಮೇಲೆ ಕೇಳ್ದ, "ಅಂಥದ್ದೇನೋ ಇದೆ ಅದರಲ್ಲಿ?"

ಕಿಟ್ಟಿ ಬಾಯಿ ಬಿಡ್ಲಿಲ್ಲ. ಪ್ರದೀಪನೇ ಹೇಳಿದ, "ನಿನ್ನ ಹೆಸರಿಟ್ಟಿರೋ ಮ್ಯಾಜಿಕಾರ್ಪ್ ಇದೆ. ಲೆವೆಲ್ 14."

ಗೊತ್ತಿಲ್ದೋರಿಗೆ: ಮ್ಯಾಜಿಕಾರ್ಪ್ ಅಂದ್ರೆ ಒಂದು ಮೀನು, ಅದಕ್ಕೆ ಬರೋದು ಒದ್ದಾಡೋದೊಂದೇ, ಅದರಿಂದ ಎದುರಿಗಿರೋರಿಗೆ ಏನೂ ಆಗಲ್ಲ. ಲೆವೆಲ್ 15ಕ್ಕೆ ಹೋದ್ರೆ ಡಿಕ್ಕಿ ಹೊಡಿಯೋಕೆ ಕಲಿಯತ್ತೆ. ಕಿಟ್ಟಿ ಬೇಕೂ ಅಂತಾನೇ 14ಕ್ಕೇ ನಿಲ್ಲಿಸಿದಾನೆ ಅಂತ ನನ್ನ ಅನುಮಾನ.

ಪ್ರದೀಪ ಒಂದು ಐಡಿಯಾ ಕೊಟ್ಟ. ಕ್ಯಾಸೆಟ್ ಕವಚ ತೆಗೆದು, ಬೋರ್ಡ್ ಮಾತ್ರ ಗೇಮ್‌ಬಾಯ್‌ಗೆ ಚುಚ್ಚಿ, ಆನ್ ಮಾಡಿಟ್ಕೊಂಡೇ ಸೆಲ್ ಕಿತ್ತು ಹೊಸದು ಬೆಸೆಯೋದು, ಆವಾಗ ಚಿಪ್ಪಿಗೆ ಮೆಷೀನಿಂದಾನೇ ಕರೆಂಟ್ ಬರ್ತಿರತ್ತೆ, ಮರೆಯಲ್ಲ. ಮಾಡೋರು ಇದಾರೆ, ಆಗೋದೂ ನಿಜ. ಸುಮಾ ಮಾತ್ರ ಕೈ ಮುಗಿದ್ಲು. "ಕರೆಂಟ್ ಹರೀತಿರೋ ಬೋರ್ಡ್ ಮೇಲೆ ಬಿಸಿ ಐರನ್ ಇಡೋದು, ತುದಿ ಒಂಚೂರು ಜಾರಿ ಪಕ್ಕದ ಕಾಲಿಗೆ ತಗುಲ್ತು ಅಂದ್ರೆ ಸೇವ್ ಜೊತೆ ಗೇಮ್‌ಬಾಯೂ ಹೋಗತ್ತೆ. ಯುಎಸ್‌ಬಿ ಕ್ಯಾಸೆಟ್ ರೀಡರ್ ಇದ್ಯಲ್ಲೋ, ಅದಕ್ಕೆ ಹಾಕಿ ಸೇವನ್ನ ಕಂಪ್ಯೂಟರ್‌ಗೆ ಇಳಿಸ್ಕೊಂಡು, ನಿಧಾನಕ್ಕೆ ಸೆಲ್ ಬದಲಾಯಿಸಿ, ವಾಪಸ್ ಬರೆಯೋದು. ಎದೆ ಬಡಿತ ಜಾಸ್ತಿ ಮಾಡ್ಕೊಳ್ಳೋ ಕೆಲ್ಸ ಯಾಕೆ?"

"ಇದ್ಯಾವತ್ತಿಂದ ಇದೆ?" ಕಿಟ್ಟಿ.

"ನೀನು ಜೇಬಲ್ಲಿ ಕೈ ಇಟ್ಕೊಂಡು ಕೂತಾಗಿಂದ."

ಆಮೇಲೆ ಯಾವ ಸೆಲ್ ಅನ್ನೋದಕ್ಕೆ ಗಲಾಟೆ. ಸಿಆರ್1616 ಅಂದ್ರೆ 16 ಮಿಲಿಮೀಟರ್ ಅಗಲ, 1.6 ದಪ್ಪ. ಸಿಆರ್2025 ಅಂದ್ರೆ 20 ಅಗಲ, 2.5 ದಪ್ಪ. 2032 ಅಂದ್ರೆ 3.2 ದಪ್ಪ. ಹೆಸರಲ್ಲೇ ಜಾತಕ ಬರ್ದಿದೆ, ಆದ್ರೂ ಪ್ರದೀಪ "1616 ತೆಗೆದು 2032 ಹಾಕಣ, 55 ಮಿಲಿಆಂಪ್ ಅವರ್ ಎಲ್ಲಿ 220 ಎಲ್ಲಿ, ಸಾಯೋವರೆಗೂ ಬರತ್ತೆ" ಅಂದ. "ಬರತ್ತೆ, ಕ್ಯಾಸೆಟ್ ಮುಚ್ಚಲ್ಲ ಅಷ್ಟೇ, ಬಾಯಿ ಬಿಟ್ಕೊಂಡೇ ಆಡು," ಅಂದ್ಲು ಸುಮಾ. ಬೋರ್ಡ್ ನೋಡಿ ಇದ್ದಿದ್ದನ್ನೇ ಹಾಕೋದು, ಅದೂ ಕಾಲು ಅಂಟಿಸಿರೋ ಸೆಲ್ಲೇ ತರೋದು. ಬರೀ ಸೆಲ್ ಬೆನ್ನಿಗೆ ನೇರವಾಗಿ ಐರನ್ ಇಟ್ರೆ ಅದು ಬಿಸಿಗೆ ಊದಿ ಒಡೆಯೋ ಸಾಧ್ಯತೆ ಇರತ್ತೆ. ಮಂಜನ ಪದ್ಧತಿ ಟೇಪ್ ಸುತ್ತೋದು, ಅದಕ್ಕೆ ಐರನ್ನೇ ಬೇಡ, ಕ್ಯಾಸೆಟ್ ಒಂದ್ಸಲ ಕೈಜಾರಿ ಬಿದ್ರೆ ಸೆಲ್ ಕಾಲಿಂದ ಬಿಟ್ಕೊಂಡು ಸೇವೂ ಬೇಡ ಅಂತಾಗತ್ತೆ.

ನಾನೊಂದು ಅನುಮಾನ ಕೇಳ್ದೆ. ನನ್ನ ಪೋಕೆಮಾನ್ ಗೋಲ್ಡ್ ರೆಡ್‌ಗಿಂತ ಹೊಸದು, ಅದರ ಸೆಲ್ ಕಿಟ್ಟಿದಕ್ಕಿಂತ ಎಷ್ಟೋ ಮುಂಚೆ ಸತ್ತೋಯ್ತಲ್ಲ, ಯಾಕೆ ಅಂತ. ಅದಕ್ಕೆ ಕಾರಣ ಗೋಲ್ಡ್ ಸಿಲ್ವರ್ ಕ್ಯಾಸೆಟ್ ಒಳಗೆ ಗಡಿಯಾರ ಇದೆ, 32.768 ಕಿಲೋಹರ್ಟ್ಸಿನ ಕ್ರಿಸ್ಟಲ್ ಒಂದು ನೀವು ಆಡಿ ಬಿಡಿ ಟಿಕ್ ಟಿಕ್ ಅಂತಾನೇ ಇರತ್ತೆ, ಆ ಖರ್ಚೂ ಅದೇ ಸೆಲ್ ತಲೆ ಮೇಲೆ. ಮುಂದೆ ಪೋಕೆಮಾನ್ ರೂಬಿ, ಸಫೈರ್ ಬರೋ ಹೊತ್ತಿಗೆ ಸೇವನ್ನ ಕರೆಂಟ್ ಇಲ್ದೇನೂ ಮರೀದ ಫ್ಲ್ಯಾಶ್ ಮೆಮೊರಿಗೆ ಹಾಕಿದ್ರು, ಸೆಲ್ ಬರೀ ಗಡಿಯಾರಕ್ಕೆ. ಸೆಲ್ ಸತ್ರೆ ಆನ್ ಮಾಡಿದಾಗ ಒಳಗಿನ ಬ್ಯಾಟರಿ ಮುಗಿದಿದೆ, ಆದ್ರೂ ಆಡಬಹುದು ಅಂತ ಗೇಮೇ ಹೇಳತ್ತೆ, ಸೇವ್ ಎಲ್ಲೂ ಹೋಗಲ್ಲ, ನೆಟ್ಟ ಬೆರ್ರಿ ಗಿಡ ಬೆಳೆಯಲ್ಲ ಅಷ್ಟೇ. ಮಂಜ ಆ ಮೆಸೇಜ್ ನೋಡಿ ಕ್ಯಾಸೆಟ್ ಸತ್ತೋಯ್ತು ಅಂತ ಯಾರಿಗೋ ಕೊಟ್ಬಿಟ್ಟಿದ್ದ, ಈ ಮಾತು ಕೇಳಿ "ಯಾರಿಗೆ ಕೊಟ್ಟೆ ಯಾರಿಗೆ ಕೊಟ್ಟೆ" ಅಂತ ಫೋನ್ ತೆಗೆದ.

"ಕನ್ಸೋಲ್ ಒಳಗಿನ ಸೆಲ್ಲೂ ಹಿಂಗೇನಾ?" ಅಂದ ಕಿಟ್ಟಿ, ಈಗ ಅವನಿಗೇ ಕುತೂಹಲ.

ಸೆಗಾ ಸ್ಯಾಟರ್ನ್ ಸಜ್ಜನ. ಹಿಂದೆ ಒಂದು ಮುಚ್ಚಳ, ತೆಗೆದ್ರೆ ಸಿಆರ್2032, ಸ್ಕ್ರೂಡ್ರೈವರ್ರೂ ಬೇಡ, ಐರನ್ನೂ ಬೇಡ. ಡ್ರೀಮ್‌ಕಾಸ್ಟ್ ಹಂಗಲ್ಲ, ಅದರಲ್ಲಿ ಬೆಸೆದಿರೋದು ಎಂಎಲ್2032, ಚಾರ್ಜ್ ಆಗೋ ಸೆಲ್. ಪ್ರದೀಪ ಅಲ್ಲೊಂದು ಹೋಲ್ಡರ್ ಕೂರಿಸಿ ಮಾಮೂಲಿ ಸಿಆರ್2032 ಹಾಕೋ ಪ್ಲಾನ್‌ನಲ್ಲಿದ್ದ, ಸೈಜ್ ಒಂದೇ ಅಲ್ವಾ ಅಂತ. ಸೈಜ್ ಒಂದೇ, ಆದ್ರೆ ಡ್ರೀಮ್‌ಕಾಸ್ಟ್‌ಗೇನ್ ಗೊತ್ತು, ಅದು ತನ್ನ ಪಾಡಿಗೆ ಚಾರ್ಜ್ ಮಾಡ್ತಾನೇ ಇರತ್ತೆ, ಚಾರ್ಜ್ ಆಗಬಾರದ ಸೆಲ್ಲಿಗೆ ಚಾರ್ಜ್ ಮಾಡಿದ್ರೆ ಅದು ಸೋರಬಹುದು, ಸಿಡೀಬಹುದು. ಎಂಎಲ್ ಹಾಕು, ಇಲ್ಲಾಂದ್ರೆ ಚಾರ್ಜ್ ಹೋಗದಂಗೆ ಡಯೋಡ್ ಹಾಕು.

ಎಲ್ಲಕ್ಕಿಂತ ಕಟುಕ ಅಂದ್ರೆ ಕ್ಯಾಪ್‌ಕಾಮ್‌ನ ಸಿಪಿಎಸ್-2 ಆರ್ಕೇಡ್ ಬೋರ್ಡು, 1993ರದ್ದು. ಗೇಮ್‌ಗೆ ಬೀಗ ಹಾಕಿ, ಬೀಗದ ಕೀನ ಬ್ಯಾಟರಿ ಮೇಲೆ ನಿಲ್ಲಿಸಿದ್ರು, ಬ್ಯಾಟರಿ ಮುಗೀತು ಅಂದ್ರೆ ಸೇವ್ ಅಲ್ಲ, ಗೇಮೇ ಹೋಗತ್ತೆ, ಅದಕ್ಕೇ ಆತ್ಮಹತ್ಯೆ ಬ್ಯಾಟರಿ ಅನ್ನೋ ಹೆಸರು. ಈಗ ಆ ಕೀನ ವಾಪಸ್ ತುಂಬೋ ದಾರಿ ಹುಡುಕಿದಾರೆ, ಪುಣ್ಯಾತ್ಮರು. ಕಾಪಿ ಮಾಡೋರನ್ನ ತಡೆಯೋಕೆ ಹೋಗಿ ದುಡ್ಡು ಕೊಟ್ಟು ತಗೊಂಡೋನ ಬೋರ್ಡ್ ಸಾಯಿಸೋದು ಯಾವ ನ್ಯಾಯ ಅಂತ ನನಗಿವತ್ತಿಗೂ ಅರ್ಥ ಆಗಿಲ್ಲ.

"ಬ್ಯಾಟರಿ ಆಯ್ತು, ಕೆಪಾಸಿಟರ್‌ಗೆ ಬನ್ನಿ," ಪ್ರದೀಪ ಗೇಮ್ ಗೇರ್ ತೆಗೆದು ಮುಂದಿಟ್ಟ. ಸ್ಕ್ರೀನ್ ಮಂಕು, ಸೌಂಡ್ ಅಂತೂ ಸ್ಪೀಕರ್‌ಗೆ ಕಿವಿ ಕೊಟ್ರೆ ಕೇಳತ್ತೆ. ಸುಮಾ ಬಿಚ್ಚಿ ನೋಡಿದ್ಲು. ಬೋರ್ಡ್‌ಗೇ ಅಂಟಿ ಕೂತಿರೋ ಸಣ್ಣ ಸಣ್ಣ ಬೆಳ್ಳಿ ಡಬ್ಬಿಗಳು, ಅವೇ ಕೆಪಾಸಿಟರ್, ಅವುಗಳ ಬುಡದಲ್ಲಿ ಸಾಲ್ಡರ್ ಹೊಳಪು ಕಳ್ಕೊಂಡು ಬೂದಿ ಬಣ್ಣ, ಸುತ್ತಾ ಒದ್ದೆ ಒದ್ದೆ ಜಿಡ್ಡು. ಐರನ್ ಇಟ್ಲು, ಸಾಲ್ಡರ್ ಕರಗಲ್ಲ, ಬದಲಿಗೆ ಕೊಳೆತ ಮೀನಿನ ವಾಸನೆ ಎದ್ದು ಬಂತು.

"ಮಂಜ, ನಿನ್ ಮ್ಯಾಜಿಕಾರ್ಪ್ ಇಲ್ಲಿದೆ ನೋಡೋ," ಅಂದ ಕಿಟ್ಟಿ. ಆವತ್ತು ಅವನು ಗೆದ್ದಿದ್ದು ಅದೊಂದೇ ರೌಂಡು.

ಆ ಜಿಡ್ಡೇ ಕೆಪಾಸಿಟರ್ ಒಳಗಿಂದ ಸೋರಿದ ದ್ರವ, ಎಲೆಕ್ಟ್ರೋಲೈಟ್. ಕೆಪಾಸಿಟರ್ ಬದಲಾಯಿಸಿ ಅದನ್ನ ಅಲ್ಲೇ ಬಿಟ್ರೆ ಬೋರ್ಡ್ ತಿನ್ನೋದು ನಿಲ್ಲಲ್ಲ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಶ್‌ನಲ್ಲಿ ಉಜ್ಜಿ ತೆಗೀಲೇಬೇಕು. ಸಾಲ್ಡರ್ ಸಲೀಸಾಗಿ ಹರಿಯೋಕೆ ಫ್ಲಕ್ಸ್ ಹಾಕಿ, ಹೊಸ ಸಾಲ್ಡರ್ ಒಂಚೂರು ಸೇರಿಸಿದ್ಮೇಲೆ ಹಳೇದು ಕರಗತ್ತೆ. ಪ್ರದೀಪ ಹಿಂದೊಂದ್ಸಲ ಇಷ್ಟೆಲ್ಲ ತಾಳ್ಮೆ ಇಲ್ಲದೆ ಇಕ್ಕಳದಲ್ಲಿ ಹಿಡಿದು ಎಳೆದಿದ್ದ, ಕೆಪಾಸಿಟರ್ ಬಂತು, ಅದರ ಜೊತೆ ಬೋರ್ಡಿನ ತಾಮ್ರದ ಪ್ಯಾಡೂ ಎದ್ದು ಬಂತು, ಅವನು ಎರಡನ್ನೂ ಒಂದು ಡಬ್ಬೀಲಿ ಜೋಪಾನವಾಗಿ ಇಟ್ಟಿದಾನೆ, ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ.

ಹೊಸದಕ್ಕೆ ಲೆಕ್ಕ ಸುಲಭ. ಮೈಕ್ರೋಫ್ಯಾರಡ್ ಎಷ್ಟಿತ್ತೋ ಅಷ್ಟೇ, ವೋಲ್ಟ್ ಅಷ್ಟೇ ಅಥವಾ ಅದಕ್ಕಿಂತ ಮೇಲೆ, 6.3 ಇದ್ದ ಕಡೆ 10 ಹಾಕಬಹುದು, 4 ಹಾಕಬಾರದು. 105 ಡಿಗ್ರಿ ಅಂತ ಬರೆದಿರೋದು ತಗೊಂಡ್ರೆ ಒಳ್ಳೇದು. ಕಷ್ಟ ಇರೋದು ಯಾವ ಕಡೆ ಪ್ಲಸ್ಸು, ಯಾವ ಕಡೆ ಮೈನಸ್ಸು ಅನ್ನೋದ್ರಲ್ಲಿ.

"ಪಟ್ಟೆ ಇರೋ ಕಡೆ ಮೈನಸ್," ಅಂದ ಮಂಜ, ಅವನಿಗೂ ಏನೋ ಗೊತ್ತಿದೆ ಅಂತ ನಮಗೆಲ್ಲ ಆಶ್ಚರ್ಯ.

"ಡಬ್ಬಿ ಥರದ್ರಲ್ಲಿ ಹೌದು," ಅಂದ್ಲು ಸುಮಾ. "ಟ್ಯಾಂಟಲಮ್ ಅಂತ ಇನ್ನೊಂದು ಥರದ ಕೆಪಾಸಿಟರ್ ಇದೆ, ಅದರಲ್ಲಿ ಪಟ್ಟೆ ಇರೋ ಕಡೆ ಪ್ಲಸ್."

"ಏನು?"

"ಪ್ಲಸ್."

"ಇವರಿಬ್ರೂ ಒಂದ್ಸಲ ಕೂತು ಮಾತಾಡ್ಕೊಂಡು ಪಟ್ಟೆ ಬಳಿಬಾರದಿತ್ತಾ? ತಿರುಗಾಮುರುಗಾ ಹಾಕಿದ್ರೆ ಏನಾಗತ್ತೆ?"

"ಟ್ಯಾಂಟಲಮ್ ಉಲ್ಟಾ ಹಾಕಿದ್ರೆ ಹೊತ್ಕೊಂಡು ಉರಿಯತ್ತೆ."

ಮಂಜ ಕುರ್ಚಿ ಹಿಂದಕ್ಕೆ ಎಳ್ಕೊಂಡ. ಭಯ ಇರೋರು ಸಿರಾಮಿಕ್ ಕೆಪಾಸಿಟರ್ ಹಾಕ್ತಾರೆ, ಅದಕ್ಕೆ ಪ್ಲಸ್ಸೂ ಇಲ್ಲ ಮೈನಸ್ಸೂ ಇಲ್ಲ.

ಗೇಮ್ ಗೇರ್ ಮುಗೀತಿದ್ದಂಗೆ ಪ್ರದೀಪ ಪ್ಲೇಸ್ಟೇಷನ್, ಎನ್‌ಇಎಸ್ ಎಲ್ಲಾ ಸಾಲಾಗಿ ಇಡೋಕೆ ಶುರು ಮಾಡ್ದ. ಸುಮಾ ತಡೆದ್ಲು. 90ರ ದಶಕದ ಶುರುವಿನ ಈ ಅಂಟಿಸೋ ಡಬ್ಬಿಗಳಿರೋ ಮೆಷೀನ್ ಆದ್ರೆ ಕಾಯಬಾರದು, ಸೋರಿರೋದು ಕಣ್ಣಿಗೆ ಬೀಳೋ ಹೊತ್ತಿಗೆ ಅರ್ಧ ಬೋರ್ಡ್ ಹೋಗಿರತ್ತೆ. ಹಳೇ ಅಮಿಗಾ ಕಂಪ್ಯೂಟರ್‌ನಲ್ಲಿ ಬೋರ್ಡ್ ಮೇಲೇ ಇರೋ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿನೂ ಅಷ್ಟೇ, ಕಂಡ ತಕ್ಷಣ ಕತ್ತರಿಸಿ ತೆಗೀಬೇಕು, ಅದು ಸೋರೋದು ಕ್ಷಾರ, ವಿನೆಗರ್ ಹಚ್ಚಿ ಶಮನ ಮಾಡಿ ಆಮೇಲೆ ತೊಳೀಬೇಕು. ಕಾಲು ಬೋರ್ಡ್ ತೂರಿ ಹೋಗಿರೋ ದೊಡ್ಡ ಕೆಪಾಸಿಟರ್‌ಗಳು ಎಷ್ಟೋ ಕಡೆ ಇನ್ನೂ ಚೆನ್ನಾಗೇ ಇರ್ತಾವೆ, ಪಿಕ್ಚರ್ ಅಲ್ಲಾಡ್ತಿದೆ, ಸೌಂಡ್‌ನಲ್ಲಿ ಗುಂಯ್ ಅಂತಿದೆ ಅಂತೇನಾದ್ರೂ ಇದ್ರೆ ಮಾತ್ರ ಕೈ ಹಾಕೋದು. ಆಮೇಲೆ ಪವರ್ ಸಪ್ಲೈ ಒಳಗೇ ಇರೋ ಮೆಷೀನ್ ಅಂದ್ರೆ ಹುಡುಗಾಟ ಅಲ್ಲ, 230 ವೋಲ್ಟ್ ಬರೋ ಕಡೆ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325ರ ಹತ್ರ ಕೂತಿರತ್ತೆ, ಪ್ಲಗ್ ಕಿತ್ತ ಮೇಲೂ. "ಅದನ್ನ ಡಿಸ್‌ಚಾರ್ಜ್ ಮಾಡಿ ಮೀಟರ್‌ನಲ್ಲಿ ನೋಡ್ದೆ ಒಳಗೆ ಬೆರಳಿಟ್ರೆ ನಾನು ಇನ್ಮೇಲೆ ನಿಮ್ ಮೆಷೀನ್ ಯಾವ್ದೂ ಮುಟ್ಟಲ್ಲ," ಅಂದ್ಲು, ತಮಾಷೆ ಮಾಡದೆ ಹೇಳಿದ ಮಾತು ಇದೊಂದೇ.

ಕೊನೇಗೂ ಕಿಟ್ಟಿ ಜೇಬಿಂದ ಕ್ಯಾಸೆಟ್ ತೆಗೆದ. ಅದರ ಸ್ಕ್ರೂಗೆ 3.8 ಮಿಲಿಮೀಟರಿನ ಗೇಮ್‌ಬಿಟ್ ಅನ್ನೋ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕು, ಪ್ರದೀಪ ತಂದಿದ್ದು ಕನ್ಸೋಲಿನ 4.5. ಕಳೆದ ಸಲ ಹೆಂಗೋ ತೆಗೆದೆ ಅಂದ, ಹೆಂಗೆ ಅಂದ್ರೆ ಪೆನ್ನಿನ ಪ್ಲಾಸ್ಟಿಕ್ ಕರಗಿಸಿ ಸ್ಕ್ರೂ ಮೇಲೆ ಒತ್ತಿ ಅಚ್ಚು ಮಾಡ್ಕೊಂಡಿದ್ನಂತೆ, ಕಿಟ್ಟಿ ಕ್ಯಾಸೆಟ್ ವಾಪಸ್ ಜೇಬಿಗೆ ಹಾಕೋಕೆ ಹೋದ, ಸುಮಾ ತನ್ನ ಬ್ಯಾಗಿಂದ ಸರಿಯಾದ ಬಿಟ್ ತೆಗೆದಿಟ್ಲು. ಅದಕ್ಕೂ ಮುಂಚೆ ರೀಡರ್‌ಗೆ ಹಾಕಿ ಸೇವ್ ಇಳಿಸಿದ್ವಿ. 32 ಕೆಬಿ. ಕಿಟ್ಟಿ ಅದನ್ನ ಮೇಲ್‌ಗೆ, ಫೋನ್‌ಗೆ, ಪೆನ್‌ಡ್ರೈವ್‌ಗೆ, ನಮ್ಮೆಲ್ಲರ ಫೋನ್‌ಗೂ ಕಳಿಸಿ, ಬಂತಾ ಬಂತಾ ಅಂತ ಒಬ್ಬೊಬ್ಬರನ್ನೇ ಕೇಳಿ, ಆಮೇಲೆ ಐರನ್ ಆನ್ ಮಾಡೋಕೆ ಒಪ್ಪಿದ.

"ಕ್ಯಾಸೆಟ್ ಬಿಚ್ಚಿದ್ ಮೇಲೆ ಅದರ ಕೆಪಾಸಿಟರೂ..." ಅಂದ ಪ್ರದೀಪ.

"ಅದರಲ್ಲಿರೋದು ಸಿರಾಮಿಕ್ ಕಣೋ, ಸೋರೋಕೆ ಅದರೊಳಗೆ ಏನೂ ಇಲ್ಲ."

ಹೊಸ ಸೆಲ್ ಕೂತ್ಮೇಲೆ ಸೇವ್ ವಾಪಸ್ ಬರೆದು ಗೇಮ್‌ಬಾಯ್ ಆನ್ ಮಾಡಿದ್ವಿ. ಎಲ್ಲಾ ಇತ್ತು. ಮಂಜ ಸ್ಕ್ರೀನ್‌ಗೆ ಬಗ್ಗಿ ತನ್ನ ಹೆಸರು ಹುಡುಕಿದ, ಸಿಕ್ತು, ಲೆವೆಲ್ 14.

"ಕಿಟ್ಟಿ, ಇನ್ನೊಂದೇ ಒಂದು ಲೆವೆಲ್ ಏರ್ಸೋ."

"ಮುಟ್ಬೇಡ," ಅಂದ ಕಿಟ್ಟಿ.