ಸಹಾಯ ಬೇಕು: ಶಾಸನದ ಪಡಿಯಚ್ಚು ತೆಗೆಯಲು ಕಲಿಸುವವರು ಇದ್ದೀರಾ?

ನಮ್ಮ ಇತಿಹಾಸ ಬಳಗದಲ್ಲಿ ತಿಂಗಳಿಗೊಂದು ಉಪನ್ಯಾಸ, ಅದರ ಬೆನ್ನಿಗೇ ಒಂದು ಹೊರಸಂಚಾರ. ಉಪನ್ಯಾಸಗಳು ಚೆನ್ನಾಗಿಯೇ ನಡೆಯುತ್ತಿವೆ. ತೊಡಕು ಬರುವುದು ಕಲ್ಲಿನ ಮುಂದೆ ನಿಂತಾಗ. ಅಕ್ಷರ ಸವೆದಿದ್ದರೆ ಕೆಲವರು ಉತ್ಸಾಹದಲ್ಲಿ ಸೀಮೆಸುಣ್ಣ ಉಜ್ಜಲು ಹೋಗುತ್ತಾರೆ, ಅದು ಕಲ್ಲಿಗೆ ಒಳ್ಳೆಯದಲ್ಲ. ಬದಿಯಿಂದ ಓರೆಯಾಗಿ ಟಾರ್ಚ್ ಹಿಡಿದರೆ ಗೀರುಗಳಲ್ಲಿ ನೆರಳು ಬಿದ್ದು ಎಷ್ಟೋ ಸಾಲುಗಳು ತಾವಾಗಿಯೇ ಎದ್ದು ಕಾಣುತ್ತವೆ. ಅಷ್ಟನ್ನು ನಾವೇ ತೋರಿಸುತ್ತೇವೆ. ಆದರೆ ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ತಟ್ಟಿ, ಮಸಿ ಕೊಟ್ಟು ಪಡಿಯಚ್ಚು ತೆಗೆಯುವುದು ನಮ್ಮಲ್ಲಿ ಯಾರಿಗೂ ಬಾರದು. ಅನುಮತಿ ಪಡೆದು, ಕಲ್ಲಿಗೆ ಧಕ್ಕೆಯಾಗದಂತೆ ಈ ಕೆಲಸ ಮಾಡಿದ ಅನುಭವಿಗಳು ಒಂದು ಭಾನುವಾರ ಬಂದು ಹೇಳಿಕೊಡುತ್ತೀರಾ? ಹಾಗೆಯೇ, ಹಿಂದೆ ನಿಂತ ಹಿರಿಯರಿಗೂ ಕೇಳಿಸುವಂಥ, ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಸ್ಪೀಕರ್ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ. ಬಯಲಿನ ಗಾಳಿಗೆ ಅರ್ಧ ವಿವರಣೆ ಹಾರಿಹೋಗುತ್ತಿದೆ.