ಬಾಳೆ ಎಲೆಯಂಚು ಸುಡುತ್ತಿದೆ, ನೀರು ಇಂಗುತ್ತಿಲ್ಲ: ಆಮ್ಲ ಬೆರೆಸಲೇ?

ಬಾಳೆಯವನು:
ಕೊಳವೆಬಾವಿ ನೀರಿನ ವರದಿ ಬಂದಿದೆ. ರಸಸಾರ (ಪಿಎಚ್) 8.3, ಇ.ಸಿ. (ನೀರಿನ ಲವಣಾಂಶ ತೋರಿಸುವ ವಿದ್ಯುತ್ ವಾಹಕತೆ) ಮೀಟರಿಗೆ 1.4 ಡೆಸಿಸೀಮನ್ಸ್. ಲೀಟರಿಗೆ ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ ಸೋಡಿಯಂ 9.5, ಕ್ಯಾಲ್ಸಿಯಂ 2, ಮೆಗ್ನೀಸಿಯಂ 2.5, ಬೈಕಾರ್ಬೊನೇಟ್ 7.5, ಕ್ಲೋರೈಡ್ 5. ಹಳೆಯ ಎಲೆಗಳ ಅಂಚು ಸುಟ್ಟಂತಾಗಿದೆ, ಬಿಟ್ಟ ನೀರು ಗಂಟೆಗಟ್ಟಲೆ ಮೇಲೆಯೇ ನಿಲ್ಲುತ್ತದೆ. ಆಮ್ಲ ಬೆರೆಸಿ ರಸಸಾರ ಇಳಿಸಿದರೆ ಸಾಕೇ?

ಪ್ರಯೋಗಾಲಯದ ಹಳಬ:
ಎಲ್ಲರ ಕಣ್ಣೂ ರಸಸಾರದ ಮೇಲೆಯೇ! ನಾನು ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡಿಸಿ: 14. ಇ.ಸಿ.ಯನ್ನು ಹತ್ತರಿಂದ ಗುಣಿಸಿದರೂ 14. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು, ಬಂದಿವೆ; ವಿಶ್ಲೇಷಣೆ ಸರಿಯಾಗಿದೆ.

ನಿಮ್ಮ ಎರಡು ದೂರುಗಳ ಬೇರು ಬೇರೆ ಬೇರೆ. ಎಲೆ ಸುಡುವುದಕ್ಕೆ ಲವಣವನ್ನೂ ಕ್ಲೋರೈಡನ್ನೂ ಶಂಕಿಸುತ್ತೇನೆ. ತೆಂಗು ಇಷ್ಟನ್ನು ತಾಳಿಕೊಂಡೀತು, ಬಾಳೆ ತಾಳದು. ಈ ನೀರನ್ನು ಹೆಕ್ಟೇರಿಗೆ 100 ಮಿ.ಮೀ. ಹಾಯಿಸಿದರೆ ಸುಮಾರು 900 ಕೆ.ಜಿ. ಲವಣ ಮಣ್ಣಿಗೆ ಬೀಳುತ್ತದೆ. ನೀರು ಇಂಗದಿರುವುದು ಸೋಡಿಯಂನ ಕೆಲಸ; ಅದು ಮಣ್ಣಿನ ಕಣಗಳನ್ನು ಚದುರಿಸಿ ರಂಧ್ರ ಮುಚ್ಚುತ್ತದೆ. ಬೈಕಾರ್ಬೊನೇಟ್ ಹೆಚ್ಚಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸುಣ್ಣವಾಗಿ ಕೂತು ಸೋಡಿಯಂನ ಕೈ ಮೇಲಾಗುತ್ತದೆ. ಬೈಕಾರ್ಬೊನೇಟಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆಯಿರಿ: 3 ಉಳಿಯುತ್ತದೆ. ಇದಕ್ಕೆ ಉಳಿಕೆ ಸೋಡಿಯಂ ಕಾರ್ಬೊನೇಟ್ ಎನ್ನುತ್ತಾರೆ. ಇದು 1.25ರೊಳಗಿದ್ದರೆ ನಿಶ್ಚಿಂತೆ, 2.5 ದಾಟಿದರೆ ಆ ನೀರು ಹಾಗೆಯೇ ಹಾಯಿಸಲು ತಕ್ಕದ್ದಲ್ಲ.

ಆಮ್ಲ ಬೈಕಾರ್ಬೊನೇಟನ್ನು ಇಳಿಸುತ್ತದೆ, ಹನಿ ಕೊಳವೆ ಕಟ್ಟಿಕೊಳ್ಳುವುದೂ ತಪ್ಪುತ್ತದೆ. ಸೋಡಿಯಂ ಮಾತ್ರ ಇದ್ದಲ್ಲೇ ಇರುತ್ತದೆ. ಬೇಕಾದದ್ದು ಕ್ಯಾಲ್ಸಿಯಂ, ಅಂದರೆ ಜಿಪ್ಸಂ. ಲಕ್ಷ ಲೀಟರಿಗೆ ಶುದ್ಧ ಜಿಪ್ಸಂ ಸುಮಾರು 15 ಕೆ.ಜಿ. ಕರಗಿದರೆ 3 ಎಂಬುದು 1.25ಕ್ಕೆ ಇಳಿಯುತ್ತದೆ. ಆದರೆ ಇ.ಸಿ. ಇನ್ನಷ್ಟು ಏರುತ್ತದೆ. ಮಣ್ಣಿನಿಂದ ಬಿಟ್ಟ ಸೋಡಿಯಂ, ಲವಣ ಬಸಿದು ಹೋಗಬೇಕು; ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಂ ತರುವ ಮೊದಲು ಅದನ್ನು ತೋಡಿಸಿ.

ತೆಂಗಿನವಳು:
ಮಳೆನೀರಿನ ಹೊಂಡವಿದೆಯೇ? ಅರ್ಧಕ್ಕರ್ಧ ಬೆರೆಸಿದರೆ ಇ.ಸಿ. 0.7ರ ಆಸುಪಾಸಿಗೆ ಬರುತ್ತದೆ, ಆ 3 ಕೂಡ 1.5 ಆಗುತ್ತದೆ. ನಾನು ಎಳೆ ಗಿಡಗಳಿಗೆ ಹಾಗೆಯೇ ಕೊಡುತ್ತೇನೆ. ಅಂದಹಾಗೆ, ಮಾದರಿ ತೆಗೆದದ್ದು ಯಾವಾಗ?

ಬಾಳೆಯವನು:
ಹೊಂಡವಿದೆ, ಚಿಕ್ಕದು. ಮಾದರಿ ಮಳೆಗಾಲದ ಕೊನೆಯಲ್ಲಿ, ಪಂಪು ಹಾಕಿದ ಕೂಡಲೇ ಹಿಡಿದದ್ದು.

ಪ್ರಯೋಗಾಲಯದ ಹಳಬ:
ಅಯ್ಯೋ, ಅದು ಕೊಳವೆಯಲ್ಲಿ ನಿಂತಿದ್ದ ನೀರು! ಲೆಕ್ಕ ತಾಳೆಯಾಯಿತೆಂದರೆ ವಿಶ್ಲೇಷಣೆ ಸರಿ ಎಂದಷ್ಟೇ, ಮಾದರಿ ಸರಿ ಎಂದಲ್ಲ. ಬಿರುಬೇಸಿಗೆಯಲ್ಲಿ ಅರ್ಧ ಗಂಟೆ ಪಂಪು ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿಸಿ ಬೇಗ ಕಳುಹಿಸಿ. ಜಿಪ್ಸಂನ ಲೆಕ್ಕವನ್ನು ಆಗ ಮತ್ತೆ ಹಾಕೋಣ. ಅಲ್ಲಿಯವರೆಗೆ ಹೊಂಡದ ನೀರನ್ನು ಬೆರೆಸುತ್ತಿರಿ.